ಅಳಿಯಲೊಪ್ಪದ ಸಾಧನ

"ಸಾಯಿ ಅಂದ್ರೆ ಸಾಯ್ತಾನೇ ಇಲ್ಲ ಇದು," ಎಂದು ಸೊಸೆ ಕೀಲಿಮಣೆಯಿಂದ ಬೆರಳೆತ್ತಿದಳು.

ಪರದೆಯ ಮೇಲೆ ಅದೇ ಸಾಲು ಮತ್ತೊಮ್ಮೆ ಮೂಡಿತು: ಸಾಧನ ತೆರವಾಗಲು ಕಾಯುತ್ತಿದ್ದೇನೆ, ಹಿಡಿದಿರುವ ಕೈ ಇನ್ನೂ ಒಂದು. ತುಸು ಬಿಡುವು. ಮತ್ತೆ ಅದೇ ಸಾಲು. ಹಟಮಾರಿ ಕೂಸೊಂದು ಒಂದೇ ಮಾತು ಹೇಳುತ್ತ ಸೆರಗು ಜಗ್ಗಿದ ಹಾಗಿತ್ತು.

"ಯಾರದದು ಆ ಕೈ?" ಗೂಬಕ್ಕ ಕೇಳಿದಳು.

ಅವಳ ಕಣ್ಣು ಕೋಣೆಯಲ್ಲಿದ್ದ ಮೂವರ ಮೇಲೂ ಒಂದು ಸುತ್ತು ಹರಿಯಿತು.

ಪೊಲೀಸು ಇಲಾಖೆಯಲ್ಲಿದ್ದಾಗ ಕಳ್ಳರು ಇಟ್ಟ ಹೆಸರು ಅದು, ಗೂಬಕ್ಕ. ರೆಪ್ಪೆ ಮಿಟುಕಿಸದೆ ನೋಡುತ್ತ ಕೂರುವ ಅವಳ ಅಭ್ಯಾಸಕ್ಕೆ ಅದಕ್ಕಿಂತ ಒಪ್ಪುವ ಹೆಸರಿರಲಿಲ್ಲ. ನಿವೃತ್ತಳಾಗಿ ಸ್ವಂತ ಪತ್ತೇದಾರಿ ಕಚೇರಿ ತೆರೆದಾಗ ಅವಳೇ ಅದನ್ನು ಬೋರ್ಡಿನ ಮೇಲೆ ಬರೆಸಿದ್ದಳು. ಆದರೆ ಇಂದು ಅವಳು ಯಾರದೋ ಕೆಲಸಕ್ಕೆ ಬಂದವಳಲ್ಲ. ಅವಳ ಒಡಹುಟ್ಟಿದ ತಂಗಿ ಅಡಗಿದ್ದ ಎರಡು ಮನೆಗಳ ಬಾಗಿಲನ್ನು ಯಾರೋ ಈಗಾಗಲೇ ಒದ್ದು ಮುರಿದಿದ್ದರು. ಎರಡು ಸಲವೂ ತಂಗಿ ಕೂದಲೆಳೆಯಲ್ಲಿ ಪಾರಾಗಿದ್ದಳು. ಮೂರನೆಯ ಮನೆಯ ಬಾಗಿಲು ನಾಳೆ ಬೆಳಗಿನವರೆಗೆ ಗಟ್ಟಿಯಾಗಿರಬೇಕಿತ್ತು. ನಾಳೆ ಅವಳು ನ್ಯಾಯಾಲಯದ ಕಟಕಟೆಯಲ್ಲಿ ನಿಂತು, ತಾನು ಪರೀಕ್ಷಕಿಯಾಗಿದ್ದ ಔಷಧ ಕಾರ್ಖಾನೆಯ ಕೆಮ್ಮಿನ ಸಿರಪ್ಪು ಎಷ್ಟು ಮಕ್ಕಳನ್ನು ನುಂಗಿತೆಂದು ಹೇಳಬೇಕಿತ್ತು.

ಆ ಮನೆಯಲ್ಲಿ ಸಾಮಾನ್ಯ ಫೋನಿಲ್ಲ. ಬೇಕೆಂದೇ ಇಟ್ಟಿಲ್ಲ. ತಂಗಿಯ ದನಿ ಹೊರಜಗತ್ತಿಗೆ ಬರುತ್ತಿದ್ದುದು ಒಂದೇ ದಾರಿಯಿಂದ: ಟೈರು ಅಂಗಡಿಯ ಮೇಲಂತಸ್ತಿನ ಈ ಕೋಣೆಯ, ಆಳೆತ್ತರದ ಈ ಸರ್ವರಿನ ಮೂಲಕ. ಅದನ್ನು ಕಟ್ಟಿ ನಡೆಸುತ್ತಿದ್ದವರು ಒಂದೇ ಮನೆಯ ಮೂವರು: ಯಂತ್ರದ ಒಳತಿರುಳಾದ ಕರ್ನಲ್ಲನ್ನು ಬರೆಯುವುದರಲ್ಲೇ ತಲೆ ನರೆತ ಮೇಷ್ಟ್ರು, ಅವರ ಮಗ, ಮತ್ತು ಸೊಸೆ.

ಆ ಕರ್ನಲ್ಲಿನೊಳಗೆ ತಂತ್ರಾಂಶದ ಹೊಸ ತುಣುಕನ್ನು ತೂರಿಸುವ ಅಧಿಕಾರವಿದ್ದುದೂ ಈ ಮೂವರಿಗೇ.

"ಇನ್ನೊಂದ್ಸಲ ಬಿಡಿಸಿ ಹೇಳಮ್ಮ," ಎಂದಳು ಗೂಬಕ್ಕ ಸೊಸೆಗೆ. "ನಾನು ಬೆರಳಚ್ಚು, ರಕ್ತದ ಕಲೆ ನೋಡ್ಕೊಂಡು ಬೆಳೆದೋಳು. ಕಣ್ಣಿಗೆ ಕಾಣದ ವಸ್ತು ಅಂದ್ರೆ ನನಗೆ ದೆವ್ವ ಒಂದೇ ಗೊತ್ತು."

"ಇದೂ ಹೆಚ್ಚುಕಮ್ಮಿ ಅದೇ ಅಕ್ಕ." ಸೊಸೆಯ ತುಟಿಯಂಚಿನಲ್ಲಿ ನಗು ಬಂದಷ್ಟೇ ಬೇಗ ಹೋಯಿತು. "ಕಂಪ್ಯೂಟರು ಹೊರಗಿನವರ ಜೊತೆ ಮಾತಾಡ್ಬೇಕು ಅಂದ್ರೆ ನೆಟ್‌ವರ್ಕ್ ಕಾರ್ಡು ಬೇಕು. ಮಾಮೂಲಿ ಕಾರ್ಡು ಕೈಗೆ ಸಿಗತ್ತೆ, ತಂತಿ ಚುಚ್ಚಬಹುದು. ನಾವು ಮಾಡೋದು ಬರೀ ತಂತ್ರಾಂಶದ ಕಾರ್ಡು. ಮನೇಲಿ ಗಾಳಿಕಾರ್ಡು ಅಂತೀವಿ. ಕರ್ನಲ್ಲಿಗೆ ಹೇಳಿದ್ರೆ ಹುಟ್ಟತ್ತೆ, ಹೇಳಿದ್ರೆ ಹೋಗತ್ತೆ. ನೋಡಿ."

ಅವಳ ಬೆರಳುಗಳು ಓಡಿದವು. ಪರದೆಯ ಮೇಲೆ ಹೊಸ ಕಾರ್ಡೊಂದು ಹುಟ್ಟಿ ನಲವತ್ತೊಂದು ಎಂಬ ಸಂಖ್ಯೆ ಹೊತ್ತು ನಿಂತಿತು. ಇನ್ನೊಂದು ಆಜ್ಞೆ. ಅದು ಸದ್ದಿಲ್ಲದೆ ಅಳಿಯಿತು.

"ಆಯ್ತು, ಸತ್ತೋಯ್ತು. ನಲವತ್ತೊಂದು ಅನ್ನೋ ಸಂಖ್ಯೇನೂ ಅದರ ಜೊತೆಗೇ ಹೋಯ್ತು. ಯಂತ್ರ ಆರಿಸೋ ತನಕ ಅದನ್ನ ಇನ್ಯಾರಿಗೂ ಕೊಡಲ್ಲ. ನಿಮ್ಮ ತಂಗಿ ಕರೆ ಮಾಡಿದಾಗೆಲ್ಲ ಹೀಗೇ ಒಂದು ಹುಟ್ಟತ್ತೆ, ಮಾತು ಮುಗಿದ ಮೇಲೆ ತೆಗೀತೀವಿ. ಇವತ್ತಿನದು ನಲವತ್ತನೇದು. ಅದೇ ಹೋಗ್ತಿಲ್ಲ."

"ಯಾಕೆ?"

"ಬಾಡಿಗೆ ಮನೆ ಇದ್ದಂಗೆ. ಒಳಗಿನವರೆಲ್ಲ ಬೀಗದ ಕೈ ವಾಪಸ್ ಕೊಡೋ ತನಕ ಮನೆ ಕೆಡವೋ ಹಾಗಿಲ್ಲ. ಕರ್ನಲ್ಲಿನಲ್ಲಿ ಯಾವ ತುಣುಕು ಕಾರ್ಡನ್ನ ಬಳಸಿದ್ರೂ 'ನಾನು ಹಿಡಿದಿದೀನಿ' ಅಂತ ಹೇಳಿ ಬಳಸ್ಬೇಕು, ಮುಗಿದ ಮೇಲೆ 'ಬಿಟ್ಟೆ' ಅನ್ಬೇಕು. ನಮ್ಮ ತುಣುಕುಗಳೆಲ್ಲ ಬಿಟ್ಟಾಗಿದೆ. ನಾನೇ ಒಂದೊಂದಾಗಿ ನೋಡ್ದೆ. ಆದ್ರೂ ಒಂದು ಕೈ ಬೀಗದ ಕೈ ಹಿಡ್ಕೊಂಡು ಕೂತಿದೆ."

"ಅಂದ್ರೆ ಒಳಗೆ ನಿಮ್ಮದಲ್ಲದ ಒಂದು ತುಣುಕಿದೆ."

"ಹೂಂ."

"ಅದು ನನ್ನ ತಂಗಿಯ ಕರೆಯನ್ನ ಕೇಳಿಸ್ಕೊಳ್ತಿತ್ತು."

ಸೊಸೆ ತಲೆ ತಗ್ಗಿಸಿದಳು. ಇಷ್ಟು ಹೊತ್ತು ಕಿಟಕಿಯ ಸರಳು ಹಿಡಿದು ನಿಂತಿದ್ದ ಮಗ ತಿರುಗಿದ.

"ಮೇಡಂ, ಇದೆಲ್ಲ ಕಥೆ ಆಮೇಲೆ ಹೇಳ್ಬಹುದು. ಈ ಕಾರ್ಡು ಹೋಗೋ ತನಕ ನಿಮ್ಮ ತಂಗೀಗೆ ಹೊಸ ಕಾರ್ಡು ಮಾಡಕ್ಕಾಗಲ್ಲ. ಆ ದಾರಿ ಇದರ ಹೆಸರಲ್ಲೇ ಇದೆ. ಅವರು ಅಲ್ಲಿ ಒಬ್ಬರೇ ಕೂತು ಬಟನ್ ಒತ್ತುತಾ ಇರ್ತಾರೆ, ಇಲ್ಲಿ ನಾವು ಪಾಠ ಮಾಡ್ತಿದೀವಿ. ಯಂತ್ರ ಆರಿಸಿ ಹಚ್ಚಿ. ಎಲ್ಲಾ ಶುಭ್ರ ಆಗತ್ತೆ."

"ಶುಭ್ರ ಅಂದ್ರೆ?"

"ನೆನಪಿನಲ್ಲಿರೋದೆಲ್ಲ ಅಳಿಸಿಹೋಗತ್ತೆ," ಎಂದರು ಮೇಷ್ಟ್ರು ಮೂಲೆಯ ಕುರ್ಚಿಯಿಂದ. ಅಂದು ಅವರು ಆಡಿದ ಮೊದಲ ಮಾತದು. "ಆ ತುಣುಕೂ ಅಳಿಯತ್ತೆ. ಬರೆದೋರು ಯಾರು ಅಂತ ಆಮೇಲೆ ಆ ಬ್ರಹ್ಮನಿಗೂ ತಿಳಿಯಲ್ಲ."

ಗೂಬಕ್ಕ ಮನಸ್ಸಿನಲ್ಲೇ ತೂಗಿ ನೋಡಿದಳು.

ಆರಿಸಿದರೆ ತಂಗಿಯ ದನಿ ಕೇಳಬಹುದು, ಆದರೆ ಎರಡು ಮನೆಗೆ ದಾರಿ ತೋರಿಸಿದ ದ್ರೋಹಿ ಕೈಜಾರುತ್ತಾನೆ. ಮೂರನೆಯದಕ್ಕೂ, ನಾಲ್ಕನೆಯದಕ್ಕೂ ದಾರಿ ತೋರಿಸುತ್ತಾನೆ. ಆರಿಸದಿದ್ದರೆ ಅವನ ಗುರುತು ಸಿಗಬಹುದು. ಅಷ್ಟರಲ್ಲಿ ತಂಗಿ ಕಿವುಡು ಗೋಡೆಗಳ ನಡುವೆ ಒಂಟಿ.

"ಆರಿಸೋದು ಬೇಡ," ಎಂದಳು. "ಆ ತುಣುಕನ್ನ ಓದಕ್ಕಾಗತ್ತಾ?"

"ಆಗತ್ತೆ. ಯಂತ್ರದ ಭಾಷೇಲಿರತ್ತೆ, ಬಿಡಿಸ್ಬೇಕು. ಹೊತ್ತಾಗತ್ತೆ ಅಕ್ಕ."

"ಬಿಡಿಸು."

ಆದರೂ ಮನಸ್ಸು ತಡೆಯಲಿಲ್ಲ. ಬಂದ ಕೂಡಲೇ ಅವಳು ಎಲ್ಲರ ಫೋನುಗಳನ್ನೂ ಬಿಸ್ಕತ್ತಿನ ತಗಡಿನ ಡಬ್ಬಿಯೊಂದಕ್ಕೆ ಹಾಕಿಸಿ ಮುಚ್ಚಳ ಬಿಗಿದಿದ್ದಳು. ನ್ಯಾಯ ಎಲ್ಲರಿಗೂ ಒಂದೇ ಇರಲೆಂದು ತನ್ನದನ್ನೂ ಹಾಕಿದ್ದಳು. ಈಗ ಸೊಸೆಯ ಭುಜದ ಮೇಲಿಂದ ಬಾಗಿ ಕೀಲಿಮಣೆಯಲ್ಲೇ, ತನ್ನ ನಂಬರಿನಿಂದ ಹೋಗುವಂತೆ, ಒಂದು ಸಂದೇಶ ಒತ್ತಿದಳು. ಅದು ಡೀಸೆಲ್ಲಿಗೆ. ಡೀಸೆಲ್ ಎಂದರೆ ಅವಳ ಚಾಲಕ. ಬಾಯಿ ಬಿಟ್ಟರೆ ಗಾಡಿಯ ಮೈಲೇಜಿನ ಮಾತು. ಅದಕ್ಕೇ ಆ ಹೆಸರು. ತಂಗಿಯನ್ನು ಮೂರನೆಯ ಮನೆಗೆ ಮುಟ್ಟಿಸಿದವನು ಅವನೇ. ಅವಳನ್ನು ಬಿಟ್ಟರೆ ವಿಳಾಸ ಗೊತ್ತಿದ್ದವನೂ ಅವನೊಬ್ಬನೇ. ಕೆಳಗಿನ ತಿರುವಿನ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ.

"ಗಾಡಿ ಸಿದ್ಧವಿರಲಿ. ನಾನು ಹೇಳಿದ ಕೂಡಲೇ ಹೋಗಿ ತಂಗಿಯನ್ನು ಕರೆತರಬೇಕು."

ವಿಳಾಸವನ್ನು ಅವಳು ಬರೆಯಲಿಲ್ಲ. ಶಂಕಿತರು ಮೂವರೂ ಕಣ್ಣೆದುರಿಗಿದ್ದಾರೆ, ಫೋನುಗಳು ಡಬ್ಬಿಯಲ್ಲಿವೆ. ಇನ್ನು ಕದ್ದು ಓದುವವರು ಯಾರು? ಹೀಗೆಂದುಕೊಂಡು ಸಂದೇಶ ಕಳಿಸಿ ಹಿಂದೆ ಸರಿದಳು.

ಸೊಸೆ ಬಿಡಿಸತೊಡಗಿದಳು. ಕೆಳಗಿನ ಅಂಗಡಿಯಲ್ಲಿ ಯಾರೋ ಟೈರಿನ ಮೇಲೆ ಸುತ್ತಿಗೆ ಬಡಿಯುತ್ತಿದ್ದರು. ರಬ್ಬರಿನ ಕಮಟು ವಾಸನೆ ನೆಲದ ಸಂದಿನಿಂದ ಏರಿ ಬರುತ್ತಿತ್ತು. ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಯಂತ್ರದ ಬೀಸಣಿಗೆಗಳ ಗುಂಯ್‌ಗುಡುವಿಕೆ. ಮಗ ಒಮ್ಮೆ ಕೂರುತ್ತಿದ್ದ, ಒಮ್ಮೆ ನಿಲ್ಲುತ್ತಿದ್ದ. ಮೇಷ್ಟ್ರು ಕಣ್ಣು ಮುಚ್ಚಿದ್ದರು, ಆದರೆ ಅವರು ನಿದ್ದೆಯಲ್ಲಿಲ್ಲವೆಂದು ಅವರ ಹೆಬ್ಬೆರಳು ಹೇಳುತ್ತಿತ್ತು. ಅದು ಬೆರಳುಗಳ ಗಣ್ಣುಗಳನ್ನು ಒಂದೊಂದಾಗಿ ಮುಟ್ಟಿ ಮುಟ್ಟಿ ಬರುತ್ತಿತ್ತು.

ಗೂಬಕ್ಕ ಮೂವರನ್ನೂ ಮೈಯೆಲ್ಲ ಕಣ್ಣಾಗಿ ನೋಡುತ್ತ ಕೂತಳು.

"ಹೀಗೆ ನೋಡ್ಬೇಡಿ ಮೇಡಂ," ಎಂದ ಮಗ. "ನನ್ನ ತಲೆ ಮೇಲೆ ಗೂಬೆ ಕೂರಿಸೋಕೆ ಬಂದಂಗಿದೆ."

"ಗೂಬೆ ತಾನಾಗೇ ಕೂರೋದು ಇಲಿ ಇರೋ ಕಡೆ ಕಣಪ್ಪ. ಯಾರೂ ಕೂರಿಸ್ಬೇಕಿಲ್ಲ."

ಸೊಸೆ ನಗು ತಡೆಯಲಾರದೆ ಕೆಮ್ಮಿದಳು. ಆ ಕೆಮ್ಮು ನಡುವಿನಲ್ಲೇ ನಿಂತಿತು. ಅವಳ ಕಣ್ಣು ಪರದೆಯ ಒಂದು ಕಡೆ ನೆಟ್ಟು ಹೋಗಿತ್ತು.

"ಸಿಕ್ತು."

ಗೂಬಕ್ಕ ಒಂದೇ ನೆಗೆತಕ್ಕೆ ಅವಳ ಹಿಂದೆ ನಿಂತಳು.

"ಚಿಕ್ಕ ತುಣುಕು. ನಿಮ್ಮ ತಂಗಿ ಕರೆಯ ಕಾರ್ಡು ಹುಟ್ಟಿದ ಕೂಡಲೇ ಅದನ್ನ ಹಿಡಿಯತ್ತೆ. ಆಮೇಲೆ ಪಕ್ಕದಲ್ಲಿ ತನ್ನದೇ ಇನ್ನೊಂದು ಗಾಳಿಕಾರ್ಡು ಹುಟ್ಟಿಸತ್ತೆ. ಇದರಲ್ಲಿ ಹೋಗೋದನ್ನೆಲ್ಲ ಅದರಲ್ಲಿ ನಕಲು ಮಾಡಿ ಹೊರಗೆ ಕಳಿಸತ್ತೆ. ಕರೆ ಎಲ್ಲಿಂದ ಬಂತು ಅನ್ನೋದೂ ಸೇರಿ. ಕರೆ ಮುಗಿದ ಮೇಲೆ ತನ್ನ ಕಾರ್ಡು ಅಳಿಸಿ, ಹಿಡಿದಿದ್ದನ್ನ ಬಿಟ್ಟು, ಏನೂ ಆಗೇ ಇಲ್ಲ ಅನ್ನೋ ಹಾಗೆ ಕೂತ್ಕೊಳತ್ತೆ."

"ಎರಡು ಮನೆಯ ಕಥೆಯೂ ಇದೇ."

"ಇದೇ. ಆದ್ರೆ ಇವತ್ತು ನಿಮ್ಮ ತಂಗಿಯ ಕಡೆ ಕರೆಂಟು ಹೋಗಿ ಕರೆ ತುಂಡಾಯ್ತಲ್ಲ, ಆಗ ಇದು ಹಿಡಿದಾಗಿತ್ತು, ತನ್ನ ಕಾರ್ಡು ಇನ್ನೂ ಹುಟ್ಟಿಸಿರಲಿಲ್ಲ. ಕರ್ನಲ್ಲು 'ಆಗಲ್ಲ ಹೋಗು' ಅಂತು. ಇದು ವಾಪಸ್ ಬಂತು. ಬರೋವಾಗ..." ಅವಳು ಪರದೆಯ ಮೇಲೆ ಉಗುರಿಟ್ಟಳು. "ಬಿಡೋದನ್ನ ಮರೀತು."

ಸೊಸೆ ಪರದೆಯನ್ನು ನೋಡುತ್ತಿರಲಿಲ್ಲ. ಮಾವನನ್ನು ನೋಡುತ್ತಿದ್ದಳು. ಮಾವ ಮಗನನ್ನು ನೋಡುತ್ತಿದ್ದರು.

"ಏನದು ನೋಟ?" ಗೂಬಕ್ಕನ ದನಿ ತಗ್ಗಿತು. ಅವಳ ದನಿ ತಗ್ಗಿದರೆ ಏನರ್ಥವೆಂದು ಹಿಂದೆ ಅನೇಕ ಕಳ್ಳರು ಕಲಿತಿದ್ದರು. "ಹೇಳಿ ಮೇಷ್ಟ್ರೆ."

"ನಾನು ಬರೆದಿದ್ದು," ಎಂದರು ಮೇಷ್ಟ್ರು.

"ಏನು?"

"ಆ ತುಣುಕು. ನಾನೇ. ನನ್ನನ್ನ ಕರ್ಕೊಂಡು ಹೋಗಿ."

"ಮಾವ!" ಸೊಸೆ ಎದ್ದು ನಿಂತಳು.

ಗೂಬಕ್ಕ ಅಲುಗಾಡಲಿಲ್ಲ. ಒತ್ತಾಯಿಸದೆ ಒಪ್ಪಿಕೊಳ್ಳುವವರನ್ನು ಅವಳು ಎಂದೂ ನಂಬಿದವಳಲ್ಲ. "ಯಾಕೆ ಬರೆದ್ರಿ?"

"ಆಸೆಗೆ."

"ಯಾವ ಆಸೆಗೆ?"

ಮೇಷ್ಟ್ರು ತಡವರಿಸಿದರು. ಜೀವಮಾನವಿಡೀ ಪ್ರತಿ ಸಾಲಿಗೂ ಕಾರಣ ಕೇಳಿದ ಮನುಷ್ಯನಿಗೆ ಒಂದು ಸುಳ್ಳಿಗೆ ಕಾರಣ ಹೊಳೆಯಲಿಲ್ಲ.

"ನೋಡಮ್ಮ," ಗೂಬಕ್ಕ ಸೊಸೆಯತ್ತ ತಿರುಗಿದಳು. "ನಿಮ್ಮ ಮಾವ ಬರೆಯೋ ರೀತಿ ನಿನಗೆ ಗೊತ್ತಲ್ಲ?"

ಸೊಸೆಯ ಕಣ್ಣಲ್ಲಿ ನೀರು ಆಡಿತು. "ಮಾವ ಎಲ್ಲಾ ಸಿದ್ಧ ಮಾಡ್ಕೊಂಡು ಕೊನೇಲಿ ಹಿಡೀತಾರೆ. ಹಿಡಿದ ಮೇಲೆ ಸೋಲೋಕೆ ಏನೂ ಉಳಿದಿರಲ್ಲ. ನಾನು... ನಾನು ಬಿಡೋ ಸಾಲು ಮೊದಲು ಬರೆದು ಆಮೇಲೆ ಹಿಡಿಯೋ ಸಾಲು ಬರೀತೀನಿ. ಮಾವ ನಗ್ತಾರೆ, ಮದುವೆಗೆ ಮುಂಚೆ ವಿಚ್ಛೇದನ ಬರೆಸ್ಕೊಳ್ತೀಯಲ್ಲ ಅಂತ."

"ಮೊದಲು ಹಿಡಿದು, ಆಮೇಲೆ ಬೇರೆ ಕೆಲಸಕ್ಕೆ ಹೋಗಿ, ಸೋತು ಬರೋವಾಗ ಬಿಡೋದು ಮರೆಯೋರು ಯಾರು?"

ಸೊಸೆಯ ಕಣ್ಣು ಗಂಡನತ್ತ ಹೋಯಿತು.

"ಎಷ್ಟು ಸಲ ಹೇಳಿದ್ದೆ ನಿನಗೆ," ಮೇಷ್ಟ್ರ ಬಾಯಿಂದ ಅದು ಬೈಗುಳದಂತೆ ಹೊರಟು ನರಳಿಕೆಯಾಗಿ ಮುಗಿಯಿತು. "ಎಷ್ಟು ಸಲ ತಿದ್ದಿದ್ದೆ ಕಣೋ. ಗೆದ್ದು ಬರೋ ದಾರಿ ಎಲ್ಲಾರೂ ಸರಿಯಾಗೇ ಬರೀತಾರೆ. ಸೋತು ಬರೋ ದಾರೀನೂ ಬರೀಬೇಕು ಅಂತ..."

ಮಗ ಕಿಟಕಿಯ ಸರಳಿಗೆ ಹಣೆ ಒತ್ತಿದ. ಬೆನ್ನು ಇವರ ಕಡೆಗಿತ್ತು. ಆ ಬೆನ್ನು ಕುಸಿಯಿತು.

"ಡಬ್ಬಿ," ಎಂದ.

"ಯಾವ ಡಬ್ಬಿ?"

"ಮಗಳ ಊಟದ ಡಬ್ಬಿ." ಅವನು ಹೆಂಡತಿಯತ್ತ ತಿರುಗಿದ. ಮುಖದಲ್ಲಿ ನೆತ್ತರಿರಲಿಲ್ಲ. "ಒಂದಿನ ತೊಳೆದು ಬಂದಿತ್ತಲ್ಲ, ನೆನಪಿದೆಯಾ?"

ಸೊಸೆ ಕಕ್ಕಾಬಿಕ್ಕಿಯಾದಳು. "ಹೂಂ. ನಾನು... ನಾನು ಖುಷಿಪಟ್ಟೆ. ಕೂಸು ಡಬ್ಬಿ ತೊಳೆಯೋದು ಕಲೀತು ಅಂತ ಅಮ್ಮಂಗೆ ಫೋನ್ ಮಾಡಿ ಹೇಳ್ದೆ."

"ಕೂಸು ತೊಳೆದಿರಲಿಲ್ಲ. ಯಾರೋ ಒಬ್ಬ ಮಾಮ ಶಾಲೆ ಗೇಟಿನ ಹತ್ರ ನಲ್ಲೀಲಿ ತೊಳೆದುಕೊಟ್ಟನಂತೆ. ಒಳಗೆ ಒಂದು ಚೀಟಿ ಇತ್ತು. ನಿನಗಿಂತ ಮುಂಚೆ ನಾನು ತೆಗೆದೆ. 'ನಾಳೆಯೂ ತೊಳೆದುಕೊಡಬೇಕೋ?' ಅಂತ ಇತ್ತು. ಕೆಳಗೆ ಒಂದು ನಂಬರು."

ಸೊಸೆ ಎರಡು ಹೆಜ್ಜೆ ಮುಂದಿಟ್ಟಳು. ಹೊಡೆಯುತ್ತಾಳೆಂದೇ ಗೂಬಕ್ಕ ಎಣಿಸಿದ್ದಳು. ಅವಳು ಹೊಡೆಯಲಿಲ್ಲ. "ನನಗೆ ಹೇಳ್ಬೇಕಿತ್ತು ಕಣ್ರೀ," ಎಂದಳು, ಕೇಳಿಯೂ ಕೇಳದಂತೆ. "ನನ್ನ ಮಗು ಅಲ್ವಾ ಅದು?"

"ಹೇಳಿದ್ರೆ ನೀನು ಪೊಲೀಸಿಗೆ ಹೋಗ್ತಿದ್ದೆ."

"ಹೋಗ್ತಿದ್ದೆ. ಹೋಗ್ಬೇಕಿತ್ತು."

"ಸಾಕು." ಗೂಬಕ್ಕ ನಡುವೆ ಬಂದಳು. ಒಳಗೆ ಸಿಟ್ಟು ಕುದಿಯುತ್ತಿದ್ದರೂ ಆ ಡಬ್ಬಿಯ ಚಿತ್ರ ಅವಳ ನಾಲಿಗೆಯ ಮೊನೆಯನ್ನು ತುಸು ಮೊಂಡಾಗಿಸಿತ್ತು. "ನಿನ್ನ ಕೂಸಿನ ಜೀವ ಉಳಿಸ್ಕೊಳ್ಳೋಕೆ ನನ್ನ ತಂಗೀದು ಮಾರಿದೆ. ಅದರ ಲೆಕ್ಕ ಆಮೇಲೆ ನೋಡ್ಕೊಳ್ಳೋಣ. ಈಗ ಒಂದೇ ಮಾತು. ಮೂರನೇ ಮನೆ ಅವರಿಗೆ ಗೊತ್ತಾಗಿದೆಯಾ?"

"ಇಲ್ಲ. ಮಗಳ ಆಣೆಗೂ ಇಲ್ಲ. ಕರೆ ತುಂಡಾಯ್ತಲ್ಲ, ನಕಲು ಕಾರ್ಡು ಹುಟ್ಟಲೇ ಇಲ್ಲ. ಏನೂ ಆಚೆ ಹೋಗಿಲ್ಲ."

"ಹೌದೇನಮ್ಮ?"

ಸೊಸೆ ಕಣ್ಣೊರೆಸಿಕೊಂಡು ಪರದೆ ನೋಡಿದಳು. "ಹೌದು. ಇದರಿಂದ ಇವತ್ತು ಏನೂ ಹೋಗಿಲ್ಲ."

ಗೂಬಕ್ಕನ ಎದೆಯ ಮೇಲಿನ ಬಂಡೆ ಒಂದು ಗೇಣು ಸರಿಯಿತು. ಮೂರನೆಯ ಮನೆಯ ಬಾಗಿಲು ಇನ್ನೂ ಯಾರಿಗೂ ಗೊತ್ತಿಲ್ಲ. ತಂಗಿ ಈಗ ಹೊದಿಕೆಯೊಳಗೆ ಕಾಲು ಮುದುರಿಕೊಂಡು, ಒತ್ತಿದರೂ ಹೋಗದ ಕರೆಗೆ ಅಕ್ಕನನ್ನೇ ಶಪಿಸುತ್ತಿರಬಹುದು. ಶಪಿಸಲಿ. ಬದುಕಿರುವವರು ತಾನೇ ಶಪಿಸುವುದು.

"ಆ ತುಣುಕನ್ನ ಹೊರಗಿನ ಡಿಸ್ಕಿಗೆ ಇಳಿಸು. ಆಮೇಲೆ ಯಂತ್ರ ಆರಿಸಿ ಹಚ್ಚು, ತಂಗಿ ಹತ್ರ ಮಾತಾಡ್ಬೇಕು."

ಸೊಸೆ ಇಳಿಸಿದಳು. ಗುಂಡಿಯತ್ತ ಕೈ ಚಾಚಿದಳು. ಅಷ್ಟರಲ್ಲಿ ಗೂಬಕ್ಕನ ಹಳೆಯ ಅಭ್ಯಾಸವೊಂದು ತಲೆಯೆತ್ತಿತು. ಒಪ್ಪಿಕೊಂಡ ಕಳ್ಳನ ಜೇಬನ್ನೂ ಅವಳು ಇನ್ನೊಮ್ಮೆ ತಡವಿ ನೋಡದೆ ಬಿಟ್ಟವಳಲ್ಲ.

"ತಾಳು. ನಾವೆಲ್ಲ ಇಲ್ಲಿ ಕೂತ ಮೇಲೆ ಒಳಗೆ ಬೇರೇನೂ ನಡೆದಿಲ್ಲ ಅನ್ನೋದಕ್ಕೆ ಏನು ಖಾತ್ರಿ?"

"ಏನು ನಡೆಯತ್ತೆ ಅಕ್ಕ? ನಾನೇ ಮುಂದೆ ಕೂತಿದೀನಲ್ಲ."

"ಆಗ ಒಂದು ಹುಟ್ಟಿಸಿ ತೋರಿಸಿದೆಯಲ್ಲ. ಸತ್ತ ಕಾರ್ಡಿನ ಸಂಖ್ಯೆ ಯಾರಿಗೂ ಕೊಡಲ್ಲ ಅಂದೆ. ಇನ್ನೊಂದು ಹುಟ್ಟಿಸು. ಯಾವ ಸಂಖ್ಯೆ ಬರತ್ತೆ ನೋಡೋಣ."

"ನಲವತ್ತೆರಡು ಬರತ್ತೆ," ಎಂದು ಸೊಸೆ ಆಜ್ಞೆ ಒತ್ತಿದಳು.

ಕಾರ್ಡು ಹುಟ್ಟಿತು.

ಮೇಷ್ಟ್ರು ಕುರ್ಚಿಯಿಂದೆದ್ದು ಬಂದು, ಕನ್ನಡಕ ಮೇಲೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿದರು. ಅವರ ಉಸಿರು ಗಾಜಿನ ಮೇಲೆ ಮಂಜಾಯಿತು.

"ನಲವತ್ಮೂರು," ಎಂದರು.



"ಇನ್ನೊಂದ್ಸಲ ಓದಿ ಮೇಷ್ಟ್ರೆ."

"ನಲವತ್ಮೂರು. ನಡುವೆ ಒಂದು ಹುಟ್ಟಿ ಸತ್ತಿದೆ. ನಾವೆಲ್ಲ ಇಲ್ಲೇ ಇರೋವಾಗ. ಅದೂ ಎಂಥಾ ಕೆಲಸ ನೋಡಿ, ಒಂದು ಕೈಯೂ ಬಾಕಿ ಉಳಿಸದೆ ಹೋಗಿದೆ." ಅವರ ದನಿಯಲ್ಲಿ ಭಯದ ಜೊತೆ, ಬೇಡವೆಂದರೂ ಇಣುಕಿದ ಮೆಚ್ಚುಗೆಯಿತ್ತು. "ಇದು ಇವನ ಕೈಯಲ್ಲಿ ಆಗೋ ಕೆಲಸ ಅಲ್ಲ."

ಗೂಬಕ್ಕನ ಕಣ್ಣು ತಾನಾಗಿ ಸೊಸೆಯ ಬೆರಳುಗಳ ಮೇಲೆ ಹೋಯಿತು. ಮಧ್ಯಾಹ್ನವಿಡೀ ಕೀಲಿಮಣೆಯ ಮೇಲಿದ್ದ ಬೆರಳುಗಳು ಅವಷ್ಟೇ. ಬಿಡುವ ಸಾಲನ್ನು ಮೊದಲೇ ಬರೆಯುವ ಬೆರಳುಗಳು.

ಸೊಸೆಗೆ ಆ ನೋಟ ತಟ್ಟಿತು. "ನಾನಲ್ಲ ಅಕ್ಕ." ಅವಳು ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. "ದೇವರಾಣೆಗೂ ನಾನಲ್ಲ."

"ಮತ್ತೆ ಯಾರು? ನಿಮ್ಮ ಮೂವರನ್ನ ಬಿಟ್ಟು ಇನ್ಯಾರಿಗೂ ಅಧಿಕಾರ ಇಲ್ಲ ಅಂದ್ರಿ."

"ಆ ಚೀಟಿಯವರು ತುಣುಕು ಬರೆದುಕೊಡು ಅಂದಿದ್ರು," ಎಂದ ಮಗ ಕಿಟಕಿಯ ಬಳಿಯಿಂದ. "ಅದನ್ನ ಒಳಗೆ ಹಾಕಿದ ಮೇಲೆ, ಸರಿಯಾಗಿ ಹಾಕಿದೀಯಾ ಅಂತ ನಾವೂ ನೋಡ್ಬೇಕು, ನಿನ್ನ ಪಾಸ್‌ವರ್ಡ್ ಕೊಡು ಅಂದ್ರು. ಒಂದೇ ಸಲಕ್ಕೆ ಅಂದ್ರು."

"ಕೊಟ್ಟೆಯಾ?"

ಅವನು ಮುಖ ಮುಚ್ಚಿಕೊಂಡ.

ಮೂವರು ಶಂಕಿತರನ್ನು ಕೋಣೆಯಲ್ಲಿ ಕೂಡಿಹಾಕಿದೆನೆಂದು ಬೀಗಿದ್ದಳು ಗೂಬಕ್ಕ. ಯಂತ್ರಕ್ಕೆ ಕೋಣೆಯೆಂಬುದೇ ಇಲ್ಲವೆಂಬುದು ಅವಳಿಗೆ ಹೊಳೆದಿರಲಿಲ್ಲ. ಹೊರಗೆಲ್ಲೋ ಕೂತ ನಾಲ್ಕನೆಯವನೊಬ್ಬ ಇವರ ನಡುವೆಯೇ ಬಂದು ಹೋಗಿದ್ದ. ಏತಕ್ಕೆ ಬಂದಿದ್ದ? ತಂಗಿಯ ಕರೆ ಆ ಹೊತ್ತಿನಲ್ಲಿ ಇರಲೇ ಇಲ್ಲ. ಯಂತ್ರದಿಂದ ಆಗ ಹೋದದ್ದು ಒಂದೇ ಒಂದು ಸಂದೇಶ.

ಮೆಟ್ಟಿಲುಗಳ ಮೇಲೆ ಚಪ್ಪಲಿ ಎಳೆಯುವ ಸದ್ದಾಯಿತು. ಬಾಗಿಲು ತೆರೆಯಿತು. ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು ಡೀಸೆಲ್ ಒಳಗೆ ಬಂದ.

"ಊಟ ಮುಗೀತಕ್ಕ. ಇನ್ನೇನೂ ಕೆಲಸ ಇಲ್ಲ ಅಂದ್ರೆ ಮನೆಗೆ ಹೋಗ್ಲಾ? ಗಾಡಿ ಅಂತೂ ಇಲ್ಲ."

"ಗಾಡಿ ಎಲ್ಲಿ?" ತನ್ನದೇ ದನಿ ಅವಳಿಗೆ ದೂರದಿಂದ ಬಂದಂತೆ ಕೇಳಿತು.

"ನಿಮ್ಮ ಮನುಷ್ಯ ತಗೊಂಡು ಹೋದ್ನಲ್ಲ." ಡೀಸೆಲ್ ಕಡ್ಡಿ ತೆಗೆದ. "ನೀವೇ ಮೆಸೇಜು ಮಾಡಿದ್ರಲ್ಲಕ್ಕ. ಮೊದಲು ಗಾಡಿ ಸಿದ್ಧ ಇಟ್ಕೋ ಅಂದ್ರಿ. ಹಿಂದೇನೇ ಇನ್ನೊಂದು ಬಂತು. ನನ್ನ ಮನುಷ್ಯ ಬರ್ತಾನೆ, ಕೀ ಕೊಡು, ಮನೆ ಎಲ್ಲಿ ಅಂತ ಅವನಿಗೆ ಹೇಳು ಅಂತ. ನಿಮ್ಮ ನಂಬರಿಂದಾನೇ ಬಂತು, ಬೇಕಾದ್ರೆ ನೋಡಿ. ಒಳ್ಳೇ ಮನುಷ್ಯ ಅಕ್ಕ, ಟೈರಿನ ಗಾಳೀನೂ ನೋಡಿಯೇ ಹತ್ತಿದ."

"ಹೇಳಿದೆಯಾ? ಮನೆ ಎಲ್ಲಿ ಅಂತ?"

"ಹೇಳ್ದೇ ಹೆಂಗೆ ಹೋಗ್ತಾನೆ?" ಅಷ್ಟರಲ್ಲಿ ಅವನು ಸುತ್ತಲಿನ ಮುಖಗಳನ್ನು ನೋಡಿದ. ಕಡ್ಡಿ ಕೈಯಿಂದ ಜಾರಿತು. "ಅಕ್ಕಾ... ಏನಾಯ್ತಕ್ಕ?"

"ಆರಿಸು!" ಗೂಬಕ್ಕ ಚೀರಿದಳು. "ಆರಿಸಿ ಹಚ್ಚಮ್ಮ, ಬೇಗ!"

ಸೊಸೆ ಗುಂಡಿ ಒತ್ತಿ ಹಿಡಿದಳು. ಬೀಸಣಿಗೆಗಳು ನಿಂತವು. ಕೆಳಗಿನ ಸುತ್ತಿಗೆಯ ಸದ್ದು ಈಗ ಎದೆಗೇ ಬಿದ್ದಂತೆ ಕೇಳಿತು. ಮತ್ತೆ ಗುಂಡಿ. ಯಂತ್ರ ಗೊರಗುಟ್ಟಿತು, ಕಣ್ಣು ಬಿಟ್ಟಿತು, ಒಂದೊಂದೇ ಸಾಲನ್ನು ಎಲ್ಲಿಲ್ಲದ ಸಮಾಧಾನದಿಂದ ಬರೆಯತೊಡಗಿತು. ಮೇಷ್ಟ್ರು ಬಾಯೊಳಗೇ ಅದನ್ನು ಅವಸರಿಸುತ್ತಿದ್ದರು. ಗೂಬಕ್ಕ ಡಬ್ಬಿಯ ಮುಚ್ಚಳ ಕಿತ್ತು ಫೋನು ತೆಗೆದು ಡೀಸೆಲ್ಲಿನ ಎದೆಗೆ ತುರುಕಿದಳು.

"ಪೊಲೀಸಿಗೆ ವಿಳಾಸ ಹೇಳು. ಕೆಳಗೆ ಹೋಗಿ ಯಾವುದಾದ್ರೂ ಗಾಡಿ ಹಿಡಿ. ಓಡು!"

ಅವನು ಓಡಿದ. ಚಪ್ಪಲಿಯೊಂದು ಹೊಸ್ತಿಲಲ್ಲೇ ಉಳಿಯಿತು.

"ಬಂತು," ಎಂದಳು ಸೊಸೆ. "ಹುಟ್ಟಿಸ್ತಿದೀನಿ... ದಾರಿ ತೆರೀತು ಅಕ್ಕ. ಕರೆ ಹೋಗ್ತಿದೆ."

ಸ್ಪೀಕರಿನಲ್ಲಿ ಗಂಟೆ ಬಾರಿಸಿತು. ಬಾರಿಸಿತು. ಎತ್ತಿಕೊಂಡ ಸದ್ದು.

"ಎಲ್ಲಿ ಹಾಳಾಗಿ ಹೋಗಿದ್ದೆಯೇ ನೀನು?" ತಂಗಿಯ ದನಿ. ಬೆಚ್ಚಗಿನ, ಸಿಡುಕಿನ, ಇಡೀ ಇಡಿಯಾಗಿ ತಂಗಿಯದೇ ದನಿ. "ಒತ್ತೀ ಒತ್ತೀ ಬೆರಳು ಸವೆದುಹೋಯ್ತು."

"ಬಾಗಿಲು ತೆಗೀಬೇಡ!" ಗೂಬಕ್ಕ ಮೇಜನ್ನು ಹಿಡಿದಳು. "ಯಾರು ಬಂದ್ರೂ ತೆಗೀಬೇಡ. ಗಾಡಿ ಬಂದ್ರೂ ಸೈತ. ಕೇಳಿಸ್ತಾ?"

"ಏನು ಕೂಗ್ತೀಯೇ, ಗೊರಗೊರ ಅಂತಿದೆ, ಒಂದಕ್ಷರ ತಿಳೀತಿಲ್ಲ. ಗಾಡೀನಾ? ಗಾಡಿ ಬಂದು ಆಗಲೇ ಹೊತ್ತಾಯ್ತು. ನಿನ್ನ ಮನುಷ್ಯ ಒಳಗೇ ಕೂತಿದಾನೆ. ನಾನು ಚಹಾ ಕೊಟ್ಟೆ. ನಿನ್ನ ಹತ್ರ ಮಾತಾಡ್ಬೇಕಂತೆ, ಕೊಡ್ಲಾ?"

ಉತ್ತರಕ್ಕೆ ಕಾಯದೆ ರಿಸೀವರು ಕೈ ಬದಲಾಯಿತು. ಲೋಟವೊಂದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ ಸದ್ದು ಸ್ಪಷ್ಟವಾಗಿ ಕೇಳಿತು. ಗೊರಗುಟ್ಟುತ್ತಿದ್ದ ತಂತಿ ಇದ್ದಕ್ಕಿದ್ದಂತೆ ತಿಳಿಯಾಯಿತು.

"ನಮಸ್ಕಾರ ಮೇಡಂ." ಅವಸರವಿಲ್ಲದ, ಓದಿದವರ ದನಿ. ಬಹಳ ಮೆತ್ತಗೆ, ಪಕ್ಕದಲ್ಲಿದ್ದ ತಂಗಿಗೂ ಕೇಳದಷ್ಟು ಮೆತ್ತಗೆ. "ನಿಮ್ಮ ತಂಗಿ ತುಂಬಾ ಒಳ್ಳೆಯವರು. ನಾನು ನಿಮ್ಮ ಕಡೆಯವನು ಅಂತ ನಂಬಿದಾರೆ. ಆ ನಂಬಿಕೆ ಹಾಗೇ ಇರಲಿ ಅಂತ ನನಗೂ ಆಸೆ. ಒಂದು ಚೂರು ರಂಪ ಆಗೋದು ನನಗೆ ಇಷ್ಟ ಇಲ್ಲ. ನಾಳೆ ಕೋರ್ಟಿಗೆ ಹೋಗ್ಬೇಡ ಅಂತ ನೀವೇ ಅವರಿಗೆ ಹೇಳಿ. ಅಕ್ಕ ಹೇಳಿದ್ರೆ ಕೇಳ್ತಾರೆ. ಬೇರೆ ಏನಾದ್ರೂ ಹೇಳಿದ್ರೆ, ನಾನು ಇಲ್ಲೇ ಪಕ್ಕದಲ್ಲೇ ಇದೀನಿ."

ಗೂಬಕ್ಕ ಬಾಯಿ ತೆರೆದಳು. ಡೀಸೆಲ್ ಇನ್ನೂ ತಿರುವು ದಾಟಿರಲಾರ.

"ಫೋನ್ ಅವರಿಗೆ ಕೊಡ್ತಿದೀನಿ," ಎಂದಿತು ಆ ದನಿ, ಈಗ ಎಲ್ಲರಿಗೂ ಕೇಳುವಷ್ಟು ಜೋರಾಗಿ, ನಗುನಗುತ್ತ. "ತಗೊಳಿ ಮೇಡಂ, ನಿಮ್ಮ ಅಕ್ಕ ಏನೋ ಮುಖ್ಯವಾದ ವಿಷಯ ಹೇಳ್ಬೇಕಂತೆ."

"ಹಾಂ, ಹೇಳೇ," ಎಂದಳು ತಂಗಿ.